ಟೇಪ್ ಇರುವವರೆಗೂ

"ಇಳಿ ಕೆಳಗೆ!"

ಏಣಿಯ ಮೇಲಿದ್ದ ಪೇಂಟರ್ ತಿರುಗಿ ನೋಡಿದ. ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದವರು ಚಿಕ್ಕಮ್ಮ. ಅವನ ಚಿಕ್ಕಮ್ಮ ಅಲ್ಲ, ಟೈಲರ್ ಹುಡುಗಿಯ ಚಿಕ್ಕಮ್ಮ. ಆದರೆ ಆ ಬೀದಿಯಲ್ಲಿ ಅವರನ್ನು ಬೇರೆ ಯಾವ ಹೆಸರಿನಿಂದಲೂ ಯಾರೂ ಕರೆದಿರಲಿಲ್ಲ. ಅವರ ಕಣ್ಣಿಗೆ ಬೀಳಬಾರದೆಂದೇ ಅವನು ಒಂದು ವರ್ಷದಿಂದ ಬಳಸುದಾರಿ ಹಿಡಿದು ಓಡಾಡುತ್ತಿದ್ದ. ಈಗ ಅವರೇ ಬಂದು ಏಣಿಯ ಕಾಲು ಹಿಡಿದುಕೊಂಡಿದ್ದರು.

"ಚಿಕ್ಕಮ್ಮ, ಈ ಬೋರ್ಡಿಗೆ ಇನ್ನೊಂದು ಕೋಟ್ ಬಾಕಿ ಇದೆ. ನಾಳೆ ಬಂದು..."

"ನಾಳೆ ಅಂದ್ರೆ ಏಣಿ ಎಳೀತೀನಿ ನೋಡು! ನಿಂಗೆ ನಾಳೆಪ್ಪ ಅಂತ ಜನ ಸುಮ್ನೆ ಹೆಸರಿಟ್ಟಿಲ್ಲ. ನಾಳೆ ನಮ್ಮ ಹುಡುಗಿ ಇಲ್ಲಿ ಇರಲ್ಲ. ಬೆಳಗ್ಗೆ ಬಸ್ಸು. ಹೋಗೋಕೆ ಮುಂಚೆ ನೀನು ಅಂಟಿಸಿ ಹೋದ ಆ ದರಿದ್ರ ಟೇಪ್ ತೆಗೆದುಕೊಡು."

ಅವನ ಬ್ರಷ್ ಡಬ್ಬಿಯೊಳಗೆ ಬಿತ್ತು.

"ಟೇಪ್ ಇನ್ನೂ ಇದೆಯಾ?"

"ಇದೆ. ಮಹಾರಾಯ ಹೇಳಿ ಹೋಗಿದ್ದನಲ್ಲ, ಬೇರೆ ಯಾರೂ ಮುಟ್ಟಬೇಡಿ ಅಂತ."

ಹೇಳಿದ್ದು ಹೌದು. ಹೋದ ವರ್ಷ ಆ ಮನೆಯ ಗೋಡೆಗೆ ಬಣ್ಣ ಬಳಿದವನು ಅವನೇ. ಹೊಲಿಗೆ ಕೋಣೆಯಿಂದ ಒಳಗೆ ಹೋಗುವ ಬಾಗಿಲಿನ ಚೌಕಟ್ಟಿನ ಮೇಲೆ ಒಂದು ಬಳ್ಳಿಯ ಚಿತ್ರವಿತ್ತು. ಹುಡುಗಿಯ ಅಮ್ಮ ತೀರಿಕೊಳ್ಳುವ ಮೊದಲು ಸ್ವಂತ ಕೈಯಿಂದ ಬರೆದ ಬಳ್ಳಿ. ಅದರ ಮೇಲೆ ಗೋಡೆಯ ಬಣ್ಣ ಸಿಡಿಯಬಾರದೆಂದು ಅವನು ಉದ್ದಕ್ಕೂ ಅಗಲದ ಮಾಸ್ಕಿಂಗ್ ಟೇಪ್ ಅಂಟಿಸಿದ್ದ. ಅವನಿಗೆ ಕೆಲಸ ಕಲಿಸಿದ ಸೋದರಮಾವ ಒಂದು ಮಾತು ಹೇಳುತ್ತಿದ್ದರು: ಟೇಪ್ ಅಂಟಿಸಿದ ಕೈಯೇ ಅದನ್ನು ಬಿಡಿಸಬೇಕು, ಟೇಪ್ ಇರುವವರೆಗೂ ಕೆಲಸ ಮುಗಿದ ಹಾಗಲ್ಲ. ಆ ಮಾತನ್ನು ಟೈಲರ್ ಹುಡುಗಿಗೂ ಹೇಳಿ, "ನಾಳೆ ಬಂದು ತೆಗೀತೀನಿ ಮೇಡಂ" ಎಂದು ಖುಷಿಯಾಗಿಯೇ ಹೊರಟಿದ್ದ.

ಹೊಸ್ತಿಲಲ್ಲಿ ಚಿಕ್ಕಮ್ಮ ಸಿಕ್ಕರು. "ಬಣ್ಣ ಚೆನ್ನಾಗಿ ಬಂದಿದೆ ಕಣಪ್ಪ. ನಮ್ಮ ಹುಡುಗಿ ಮದುವೆ ಮಾತಾಡೋಕೆ ಈ ವಾರ ಜನ ಬರ್ತಿದ್ದಾರೆ" ಎಂದರು. ಅಷ್ಟೇ. ಅವನ ನಾಳೆ ಆಮೇಲೆ ಬರಲೇ ಇಲ್ಲ. ಅವಳ ಫೋನ್ ಬಂದಾಗಲೆಲ್ಲ ಅವನು ಅದು ಬಡಿದುಕೊಂಡು ಸುಮ್ಮನಾಗುವವರೆಗೂ ನೋಡುತ್ತ ಕೂರುತ್ತಿದ್ದ. ಎತ್ತಿ ಏನು ಹೇಳುವುದು? ಅಭಿನಂದನೆ ಎನ್ನುವುದೇ?

ಈಗ ಚಿಕ್ಕಮ್ಮನ ಹಿಂದೆ ಬಣ್ಣದ ಅಂಗಿಯಲ್ಲೇ ನಡೆದ.

ಹೊಲಿಗೆ ಕೋಣೆ ಅರ್ಧ ಖಾಲಿಯಾಗಿತ್ತು. ಮಿಷನ್ನಿಗೆ ಹಳೇ ಬೆಡ್‌ಶೀಟ್ ಸುತ್ತಿ ಕಟ್ಟಿದ್ದರು. ಅವಳು ನೆಲದ ಮೇಲೆ ಕೂತು ದಾರದ ಉಂಡೆಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಹಲ್ಲಿನ ನಡುವೆ ಒಂದು ದಾರದ ತುಂಡು, ಅವಳ ಯಾವತ್ತಿನ ಅಭ್ಯಾಸ. ಅವನನ್ನು ನೋಡಿ ದಾರ ತೆಗೆದಳು.

"ಬಂದ್ರಾ?"

"ಬಂದೆ."

"ನಾಳೆ ಅಂದ್ರೆ ಇಷ್ಟು ದೂರ ಅಂತ ಗೊತ್ತಿರಲಿಲ್ಲ ಪೇಂಟ್ರೇ."

ಅವನು ಇಂಗು ತಿಂದ ಮಂಗನ ಹಾಗೆ ನಿಂತ. ಅವಳ ಕೈ, ಕೊರಳು, ಕಿವಿ, ಎಲ್ಲವನ್ನೂ ಕದ್ದು ನೋಡಿದ. ಮದುವೆಯಾದ ಲಕ್ಷಣ ಎಲ್ಲೂ ಕಾಣಲಿಲ್ಲ. ಕದ್ದು ನೋಡಿದ್ದನ್ನು ಅವಳು ಕಂಡುಬಿಟ್ಟಳು. ಅವನು ಅವಸರದಲ್ಲಿ ಬಾಗಿಲ ಕಡೆ ತಿರುಗಿದ.

ಟೇಪಿನ ಮೇಲೆ ಬೆರಳಾಡಿಸಿದ. ವರ್ಷವಿಡೀ ಕಿಟಕಿಯ ಬಿಸಿಲು ತಿಂದು ಅದು ಹಪ್ಪಳವಾಗಿತ್ತು. ಒಂದು ಮೂಲೆಯಲ್ಲಿ ಯಾರೋ ಬಿಡಿಸಲು ನೋಡಿದ್ದರು. ಅಲ್ಲಿ ಒಂದು ಎಲೆ ಇರಬೇಕಾದ ಜಾಗದಲ್ಲಿ ಬರಿಯ ಮರ ಕಾಣುತ್ತಿತ್ತು.

"ನಾನೇ. ಒಂದೆಲೆ ಕಿತ್ತು ಬಂತು. ಆಮೇಲೆ ಮುಟ್ಟೋಕೆ ಧೈರ್ಯ ಆಗಲಿಲ್ಲ" ಎಂದಳು. "ನಾಟಕದ ಉಡುಪು ಹೊಲಿಯೋ ಕಡೆ ಕೆಲಸ ಸಿಕ್ಕಿದೆ. ದೂರ. ಒಂದು ವರ್ಷದ ಒಪ್ಪಂದ. ಬಾಗಿಲು ಹೊತ್ಕೊಂಡು ಹೋಗೋಕಾಗಲ್ವಲ್ಲ? ಬಳ್ಳೀನ ಟ್ರೇಸಿಂಗ್ ಪೇಪರಲ್ಲಿ ಇಳಿಸ್ಕೊಂಡು ಹೋಗ್ತೀನಿ. ಅಲ್ಲಿ ಬಟ್ಟೆ ಮೇಲೆ ಹೊಲಿದ್ರೆ ಅಮ್ಮ ಜೊತೆಗಿದ್ದ ಹಾಗಿರತ್ತೆ."

ಅವನು ಟೇಪಿನ ಎದ್ದ ತುದಿಯನ್ನು ಮುಟ್ಟಿ ನೋಡಿದ. "ಹೇರ್ ಡ್ರೈಯರ್ ಇದೆಯಾ ಮೇಡಂ?"

ಇತ್ತು. ಅವಳು ಡ್ರೈಯರ್ ಹಿಡಿದಳು, ಅವನು ಉಗುರು ಸೇರಿಸಿದ. ಬಿಸಿ ಕಮ್ಮಿ ಇಡಬೇಕು, ದೂರದಿಂದ ಊದಬೇಕು, ಒಂದೇ ಕಡೆ ನಿಲ್ಲಿಸಬಾರದು. ಹೆಚ್ಚು ಬಿಸಿಯಾದರೆ ಬಣ್ಣವೇ ಮೆತ್ತಗಾಗುತ್ತದೆ. ಅಂಟು ಸ್ವಲ್ಪ ಸಡಿಲಾದ ಮೇಲೆ ಟೇಪಿನ ತುದಿಯನ್ನು ಹಿಂದಕ್ಕೆ ಮಡಚಿ, ಅದರ ಬೆನ್ನಿಗೇ ಒರಗಿಸಿಕೊಂಡು, ಮೆಲ್ಲಗೆ ಎಳೆಯಬೇಕು. ನೇರ ಮೇಲಕ್ಕೆಳೆದರೆ ಬಣ್ಣವೂ ಎದ್ದು ಬರುತ್ತದೆ. ಇಷ್ಟೆಲ್ಲ ತಿಳಿದಿದ್ದೂ ಟೇಪ್ ಎಳೆ ಎಳೆಯಾಗಿ ಹರಿಯುತ್ತಿತ್ತು. ಉಳಿದ ಗೋಂದಿಗೆ ಅವನು ಹತ್ತಿಯಲ್ಲಿ ಅಡುಗೆ ಎಣ್ಣೆ ಅದ್ದಿ ಒತ್ತಿಟ್ಟು, ಕಾದು, ಸೋಪಿನ ನೀರಿನಿಂದ ಒರೆಸುತ್ತಿದ್ದ.

ಮೊದಲ ಹೂವು ಕಾಣಿಸಿತು. ನಸುಗೆಂಪು, ಐದೆಸಳು. ಅದನ್ನು ನೋಡಿ ಅವಳು ಬಿಟ್ಟ ಉಸಿರು ಅವನ ಕಿವಿಗೆ ತಾಗಿತು. ಅಷ್ಟು ಹತ್ತಿರ ನಿಂತಿದ್ದಳು. ಡ್ರೈಯರಿನ ಬಿಸಿ ಯಾವುದು, ಅವಳ ಉಸಿರಿನ ಬಿಸಿ ಯಾವುದು, ಅವನಿಗೆ ತಿಳಿಯದಾಯಿತು.

"ಇಬ್ಬರೂ ಹೀಗೆ ಬಾಗಿಲಿಗೆ ಅಂಟಿಕೊಂಡ್ರೆ ಒಳಗೆ ಹೋಗೋರು ಹೇಗೆ ಹೋಗೋದು?" ಕುರ್ಚಿಯ ಮೇಲಿಂದ ಚಿಕ್ಕಮ್ಮ ಕೇಳಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

"ಚಿಕ್ಕಮ್ಮ, ಸುಮ್ನಿರಿ!" ಅವಳ ಕೆನ್ನೆ ಹೂವಿಗಿಂತ ಕೆಂಪಾಗಿತ್ತು. ಅವನು ಅದನ್ನು ನೋಡಿದ. ನೋಡಬಾರದಿತ್ತು. ಕೈ ಒಂದಿಷ್ಟು ಮೇಲಕ್ಕೆ ಹೋಯಿತು.

ಚರ್ ಎಂದಿತು. ಟೇಪಿನ ಜೊತೆ ಒಂದು ಎಸಳು ಬಂದುಬಿಟ್ಟಿತು.

ಅವಳು ಡ್ರೈಯರ್ ಆರಿಸಿದಳು. ಚಿಕ್ಕಮ್ಮ ಎದ್ದು ಸದ್ದಿಲ್ಲದೆ ಅಡುಗೆಮನೆಗೆ ಹೋದರು. ಅವನು ಟೇಪಿನ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ನಿಂತೇ ಇದ್ದ. ಹೋದ ಎಸಳನ್ನು ಅವನು ಬರೆದುಕೊಡಬಲ್ಲ, ಅಂಥದ್ದೇ ಬಣ್ಣ ಕಲಸಬಲ್ಲ. ಆದರೆ ಅವಳ ಅಮ್ಮನ ಕೈಯನ್ನು ಎಲ್ಲಿಂದ ತರುವುದು?

"ತಪ್ಪಾಯ್ತು. ನನ್ನ ಕೈಲಿ ಆಗಲ್ಲ ಮೇಡಂ. ಬೇರೆ ಯಾರನ್ನಾದರೂ..."

"ಒಂದು ಕೇಳ್ಲಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. "ನೀವು ಟೇಪ್ ಅಂಟಿಸೋದು ಬೇರೆ ಮನೆಗಳಲ್ಲೂ ನೋಡಿದ್ದೀನಿ. ಅಂಚಿಗೆ ಸಣ್ಣ ಟೇಪ್ ಹಾಕಿ, ಚಿತ್ರದ ಮೇಲೆ ಪೇಪರ್ ಇಳಿಬಿಡ್ತೀರಿ. ಇಲ್ಲಿ ಮಾತ್ರ ಬಳ್ಳಿ ಮೇಲೇನೇ ಯಾಕೆ ಅಂಟಿಸಿದ್ರಿ?"

ಸಿಕ್ಕಿಬಿದ್ದ. ಈ ಕಸುಬಿಗೆ ನಿನ್ನೆ ಬಂದವನೂ ಮಾಡದ ತಪ್ಪು ಅದು. ಸುಳ್ಳು ಹೇಳಲು ಬಾಯಿ ತೆರೆದ, ಸುಳ್ಳು ಬರಲಿಲ್ಲ.

"ಅವತ್ತು ನೀವು ಎದುರಿಗೇ ಕೂತು ಕಾಜಾ ಹೊಲೀತಿದ್ರಿ. ಹಲ್ಲಲ್ಲಿ ದಾರ ಕಚ್ಕೊಂಡಿದ್ರಿ. ನಾನು ನಿಮ್ಮನ್ನ ನೋಡ್ತಿದ್ದೆ, ಕೈ ಅದರ ಪಾಡಿಗೆ ಅದು ಅಂಟಿಸ್ತಾ ಹೋಯ್ತು. ಮುಗಿದ ಮೇಲೆ ಗೊತ್ತಾಯ್ತು. ಹೊಸ ಟೇಪ್, ನಾಳೆ ಬಂದು ತೆಗೆದ್ರೆ ಏನೂ ಆಗಲ್ಲ ಅಂದ್ಕೊಂಡೆ."

"ಮತ್ತೆ ಬರಲಿಲ್ಲ ಯಾಕೆ?"

"ನಿಮ್ಮ ಮದುವೆ ಮಾತು ನಡೀತಿದೆ ಅಂದ್ರು. ಬಂದು ಏನು ನೋಡ್ಲಿ? ನಂಗೆ ಆಗಲಿಲ್ಲ. ನೀವಂದ್ರೆ ನಂಗೆ ಪ್ರಾಣ. ಹೇಳ್ಬಾರದಿತ್ತು. ಹೇಳ್ಬಿಟ್ಟೆ."

ಅವಳು ದಾರದ ಉಂಡೆಯನ್ನು ಸುತ್ತಿದಳು, ಬಿಚ್ಚಿದಳು.

"ಮಾತಾಡೋಕೆ ಬಂದೋರಿಗೆ ಬೇಡ ಅಂದೆ. ಚಿಕ್ಕಮ್ಮ ಯಾಕೆ ಅಂತ ಕೇಳಿದ್ರು. ಮನೇಲಿ ಪೇಂಟಿಂಗ್ ಕೆಲಸ ಇನ್ನೂ ಮುಗಿದಿಲ್ಲ ಅಂದೆ." ಅವಳ ಕಣ್ಣು ತುಂಬಿತ್ತು, ಆದರೂ ನಗುತ್ತಿದ್ದಳು. "ಅಷ್ಟು ಸಲ ಫೋನ್ ಮಾಡಿದೆನಲ್ಲ, ಒಂದ್ಸಲ ಎತ್ತಿದ್ರೆ ಗಂಟೇನು ಹೋಗ್ತಿತ್ತು ನಿಮ್ದು?"

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಉಣ್ಣುತ್ತ ನಿಂತ ನಮ್ಮ ನಾಳೆಪ್ಪ. ಒಂದು ವರ್ಷ ಅವಳು ಇಲ್ಲಿ ಕಾದಿದ್ದಳು, ಅವನು ಎರಡು ಬೀದಿ ಆಚೆ ಒಣಗಿದ್ದ. ಈಗ ಬಾಯಿ ಬಿಟ್ಟ ಹೊತ್ತಿಗೆ ಮಿಷನ್ನು ಮೂಟೆ ಕಟ್ಟಿ ಕೂತಿತ್ತು.

"ಹೋಗಲೇಬೇಕಾ?"

"ಮಾತು ಕೊಟ್ಟಿದ್ದೀನಿ. ನಂಗೂ ಆ ಕೆಲಸ ಇಷ್ಟ. ಬೇಡ ಅಂತೀರಾ?"

ಬೇಡ ಎನ್ನಬೇಕೆಂದು ಇಡೀ ಮೈ ಒದ್ದಾಡಿತು. "ಇಲ್ಲ. ಹೋಗಿ ಬನ್ನಿ" ಎಂದ. ಹಾಗೆಂದವನ ಮುಖ ನೋಡಿದ್ದರೆ ಕಲ್ಲೂ ಕರಗುತ್ತಿತ್ತು.

ಅವಳು ಅವನ ಅಂಗೈಯಿಂದ ಟೇಪಿನ ತುಂಡನ್ನು ಎತ್ತಿಕೊಂಡಳು. ಎಸಳು ಅದರ ಅಂಟಿಗೆ ಹತ್ತಿಕೊಂಡು ಹಾಗೇ ಇತ್ತು, ಪೂರ್ತಿ. "ಇದು ನನ್ನ ಜೊತೆ ಬರತ್ತೆ" ಎಂದು ಬಟನ್ ಡಬ್ಬಿಯಲ್ಲಿಟ್ಟಳು. ಆಮೇಲೆ ಮತ್ತೆ ಡ್ರೈಯರ್ ಹಚ್ಚಿದಳು. "ನಡೀರಿ. ಬೆಳಕಿರೋವಾಗ್ಲೇ ಆಗಲಿ."

ಆಮೇಲೆ ಅವನು ಅವಳ ಕಡೆ ತಿರುಗಲಿಲ್ಲ. ನೋಡದೇ ಇರುವುದು ಎಷ್ಟು ಕಷ್ಟವೆಂದು ಅವನಿಗೇ ಗೊತ್ತು. ಮತ್ತೊಂದು ಎಸಳೂ ಹೋಗಲಿಲ್ಲ. ಬಿಡಿಸಿದಷ್ಟನ್ನೂ ಅವಳು ಕಾಗದ ಹಿಡಿದು ಪೆನ್ಸಿಲ್ಲಿನಲ್ಲಿ ಇಳಿಸಿಕೊಂಡಳು. ಸಂಜೆಯ ಹೊತ್ತಿಗೆ ಕೆಳಗೆ, ನೆಲದ ಹತ್ತಿರ, ಒಂದು ಗೇಣು ಟೇಪ್ ಉಳಿದಿತ್ತು. ಅವನು ಅಲ್ಲಿಗೆ ಉಗುರು ಹಾಕಿದಾಗ ಅವಳು ಅವನ ಕೈ ಹಿಡಿದಳು.

"ಅದು ಇರಲಿ."

"ಯಾಕೆ? ಕೆಳಗೊಂದು ಮೊಗ್ಗಿದ್ರೆ?"

"ಮೊಗ್ಗಿದೆ, ನಂಗೊತ್ತು. ಟೇಪ್ ಇರೋವರೆಗೂ ಕೆಲಸ ಮುಗಿದಿಲ್ಲ ಅಂತ ನೀವೇ ಹೇಳಿದ್ರಲ್ಲ? ಮುಗಿಸಬೇಡಿ. ನಾನು ವಾಪಸ್ ಬಂದ ಮೇಲೆ ತೆಗೀರಿ."

"ಹಳೇದಾದಷ್ಟೂ ಬಿಡಲ್ಲ ಅದು ಮೇಡಂ."

"ಬಿಡೋದು ಯಾರಿಗೆ ಬೇಕಾಗಿದೆ? ಮತ್ತೆ, ಮೇಡಂ ಅನ್ನೋದು ಇನ್ನಾದರೂ ಬಿಡಿ."

ಅವಳ ಕೈ ಇನ್ನೂ ಅವನ ಕೈ ಮೇಲಿತ್ತು. ಎಣ್ಣೆ, ಗೋಂದು, ಬಣ್ಣ, ಎಲ್ಲ ಸೇರಿ ಇಬ್ಬರ ಬೆರಳೂ ಅಂಟಂಟಾಗಿದ್ದವು.

ಮಾರನೆಯ ಬೆಳಗ್ಗೆ ಚಿಕ್ಕಮ್ಮ ಬಾಗಿಲು ತೆಗೆದಾಗ ಅವನು ಜಗಲಿಯ ಮೇಲೆ ಕೂತಿದ್ದ. ಅವರು ಮೂಗಿನ ಮೇಲೆ ಬೆರಳಿಟ್ಟರು. ಮಿಷನ್ನನ್ನು ಬಸ್ಸಿನವರೆಗೆ ಅವನೇ ಹೊತ್ತ. ಕಿಟಕಿಯಿಂದ ಅವಳು ಏನೋ ಹೇಳಿದಳು, ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ಕೇಳಿಸಿತೆಂದು ತಲೆಯಾಡಿಸಿದ. ಬಸ್ಸು ಹೋದ ಮೇಲೂ ತಲೆಯಾಡಿಸುತ್ತಲೇ ನಿಂತಿದ್ದನಂತೆ, ಚಿಕ್ಕಮ್ಮ ಈಗಲೂ ಹೇಳಿ ನಗುತ್ತಾರೆ.

ರಾತ್ರಿ ಅವಳ ಫೋನ್ ಬರುತ್ತದೆ. ಮೊದಲ ರಿಂಗಿಗೇ ಎತ್ತುತ್ತಾನೆ. ಫೋನ್ ಇಟ್ಟ ಮೇಲೆ ಮಾತ್ರ ಏನು ಮಾಡಬೇಕೆಂದು ತೋಚುವುದಿಲ್ಲ. ದಿನ ಸರಿಯುವುದೇ ಇಲ್ಲ.

ಅದಕ್ಕೇ ಭಾನುವಾರ ಆ ಮನೆಗೆ ಹೋಗುತ್ತಾನೆ. ಮೊನ್ನೆ ಬಾಗಿಲ ಬುಡದಲ್ಲಿ ಮಂಡಿಯೂರಿ ಕೂತಿದ್ದವನನ್ನು ನೋಡಿ ಚಿಕ್ಕಮ್ಮನಿಗೆ ಗಾಬರಿಯಾಯಿತು.

"ಏನಪ್ಪಾ, ಅವಳು ಬರೋಕೆ ಮೊದಲೇ ಕೀಳ್ತಾ ಇದ್ದೀಯಾ?"

"ಇಲ್ಲ ಚಿಕ್ಕಮ್ಮ" ಎಂದ ಪೇಂಟರ್, ಹೆಬ್ಬೆರಳಿನಿಂದ ಟೇಪನ್ನು ಒತ್ತುತ್ತ. "ಒಂದು ತುದಿ ಎದ್ದಿತ್ತು. ಅಂಟಿಸೋಣ ಅಂತ ಬಂದೆ."