ಹತ್ತೊಂಬತ್ತು ಬೆನ್ನುಗಳು

ಸಿಡಿಗಲ್ಲುದುರ್ಗದ ಹೆಬ್ಬಾಗಿಲಿಗೆ ಆ ಬೆಳಿಗ್ಗೆ ಮಾವಿನ ತೋರಣ ಕಟ್ಟುತ್ತಿದ್ದರು. ಬಾಗಿಲ ಹಲಗೆಗಳ ಮೇಲಿನ ರಕ್ತ ಇನ್ನೂ ಪೂರ್ತಿ ಹೋಗಿರಲಿಲ್ಲ. ಇಬ್ಬರು ಬಂಟರು ತೆಂಗಿನ ನಾರು ಹಿಡಿದು ಅದನ್ನು ಉಜ್ಜುತ್ತಿದ್ದರೆ, ಮೂರನೆಯವನು ಏಣಿ ಹತ್ತಿ ಅದೇ ಹಲಗೆಗಳ ಮೇಲೆ ಹೂವಿನ ಸರ ಇಳಿಬಿಡುತ್ತಿದ್ದನು. ಇಪ್ಪತ್ತೇಳು ದಿನ ಕೋಟೆಯನ್ನು ಮುತ್ತಿದ್ದ ಶತ್ರುಸೈನ್ಯ ಹಿಂದಿನ ದಿನ ಡೇರೆ ಕಿತ್ತು ಹೋಗಿತ್ತು. ಅರಮನೆಯ ಮಾಳಿಗೆಯಲ್ಲಿ ನಗಾರಿ ಮೊಳಗುತ್ತಿತ್ತು, ಪೇಟೆಯಲ್ಲಿ ಸಕ್ಕರೆ ಹಂಚುತ್ತಿದ್ದರು, ಪಟ್ಟದಾನೆಗೆ ಬೆಲ್ಲ ಕಲಸಿದ ಅನ್ನದ ಉಂಡೆ ತಿನ್ನಿಸುತ್ತಿದ್ದರು.

"ಮುಂದಿನ ಜನ್ಮಕ್ಕೆ ಆನೆಯಾಗಿ ಹುಟ್ಟೋಣ ಕಣೋ," ಎಂದನು ನಾರು ಹಿಡಿದಿದ್ದ ಒಬ್ಬ ಬಂಟ. "ಯುದ್ಧ ಮಾಡದಿದ್ದರೂ ಉಂಡೆ ಸಿಗುತ್ತೆ."

"ಈ ಜನ್ಮದ ಬಾಕೀನೇ ಹನ್ನೊಂದು ತಿಂಗಳಿದೆ. ಅದನ್ನ ತಗೊಂಡು ಹುಟ್ಟು," ಎಂದನು ಇನ್ನೊಬ್ಬ.

ಇಬ್ಬರೂ ನಕ್ಕರು, ನಕ್ಕು, ಯಾರಾದರೂ ಕೇಳಿಸಿಕೊಂಡರೇ ಎಂದು ಹಿಂದಿರುಗಿ ನೋಡಿದರು. ಆ ದುರ್ಗದಲ್ಲಿ ಸಂಬಳದ ಮಾತಾಡುವುದು ಅಷ್ಟು ಅಪಾಯದ ಕೆಲಸವಾಗಿತ್ತು.

ಬಾಗಿಲ ಪಕ್ಕದ ಮಂಟಪದಲ್ಲಿ ಗಾಯದ ಹಾಲಪ್ಪ ಹತ್ತೊಂಬತ್ತು ಹೆಣಗಳನ್ನು ತೊಳೆಯುತ್ತಿದ್ದನು. ಅವನು ಹಡಪದವನು, ಬಂಟರ ಕ್ಷೌರವೂ ಅವನದೇ, ಗಾಯ ಹೊಲಿದು ಕಟ್ಟುವುದೂ ಅವನದೇ. ಯುದ್ಧ ಮುಗಿದ ಮರುದಿನ ದೊರೆಯೆದುರು ನಿಂತು, ಸತ್ತವನ ಗಾಯ ಎಲ್ಲಿದೆಯೆಂದು ಸಾರುವ ಹಕ್ಕು ಅವನ ಮನೆತನಕ್ಕೆ ಸೇರಿತ್ತು. ಗಾಯ ಎದೆಯಲ್ಲಿದ್ದರೆ ಸತ್ತವನ ಹೆಂಡತಿ ಮಕ್ಕಳಿಗೆ ನೆತ್ತರುಗೊಡಗೆಯ ಹೊಲ ಸಿಗುತ್ತಿತ್ತು. ಬೆನ್ನಿನಲ್ಲಿದ್ದರೆ ಓಡಿಹೋಗುತ್ತಿದ್ದವನೆಂದು ಲೆಕ್ಕ. ಹೊಲವಿಲ್ಲ, ಬಾಕಿ ಸಂಬಳವಿಲ್ಲ, ಸುಡುವ ಮೊದಲು ಹಾಲಪ್ಪನೇ ಸಭೆಯಲ್ಲಿ ಅವನ ಮೀಸೆ ಬೋಳಿಸಬೇಕು. ಬದುಕಿರುವಾಗ ಅರೆಹೊಟ್ಟೆಗೆ ಹಾಕಿ, ಸತ್ತ ಮೇಲೆ ಹೊಲ ಕೊಡುವ ಈ ಪದ್ಧತಿಯನ್ನು ಯಾವ ಜಾಣ ಕಂಡುಹಿಡಿದನೋ ತಿಳಿಯದು. ಅವನು ಬಂಟನಾಗಿರಲಿಲ್ಲ ಎಂಬುದು ಮಾತ್ರ ಖಂಡಿತ.

ಹತ್ತೊಂಬತ್ತು ಜನರಿಗೂ ಬಾಣ ನಾಟಿದ್ದು ಬೆನ್ನಿಗೆ.

ಹಾಲಪ್ಪ ಮೊದಲನೆಯವನನ್ನು ಅಂಗಾತ ಮಲಗಿಸಿದಾಗ ಎದೆಯ ಮೇಲೆ ನಿಂಬೆಹಣ್ಣಿನಗಲದ ಕಪ್ಪು ಗುರುತುಗಳು ಸಾಲಾಗಿ ಮೂಡಿದ್ದವು. ಎರಡನೆಯವನಿಗೂ ಹಾಗೆಯೇ, ಮೂರನೆಯವನಿಗೂ ಹಾಗೆಯೇ. ಎದ್ದು ಹೋಗಿ ಹೆಬ್ಬಾಗಿಲ ಒಳಮೈಯಲ್ಲಿ ಉಬ್ಬಿ ನಿಂತ ಕಬ್ಬಿಣದ ಗುಬುಟುಗಳ ನಡುವಿನ ಅಂತರವನ್ನು ಬೆರಳಿನಿಂದ ಅಳೆದು ನೋಡಿದನು. ಅದೇ ಅಂತರ. ಶತ್ರುಗಳು ಹೊರಗಿನಿಂದ ಮರದ ದಿಮ್ಮಿಯಿಂದ ಗುದ್ದುತ್ತಿದ್ದಾಗ ಈ ಹತ್ತೊಂಬತ್ತು ಜನ ಬಾಗಿಲಿಗೆ ಎದೆಗೊಟ್ಟು ಒತ್ತಿ ನಿಂತಿದ್ದರು. ಶತ್ರು ಅವರ ಎದುರಿಗಿದ್ದ. ಬೆನ್ನ ಹಿಂದೆ ಇದ್ದದ್ದು ಒಳಕೋಟೆಯ ಬತೇರಿ, ಎತ್ತರದ ಕಾವಲು ಬುರುಜು. ಬಾಣಗಳು ಮೇಲಿನಿಂದ ಕೆಳಕ್ಕೆ ಇಳಿದಿದ್ದವು. ಆ ಬತೇರಿಯ ಮೇಲೆ ಆ ದಿನ ಇದ್ದವರು ದಳವಾಯಿ ಸರ್ಜಪ್ಪನ ಸ್ವಂತ ಬಿಲ್ಲಾಳುಗಳು ಮಾತ್ರ.

ಹಾಲಪ್ಪನಿಗೆ ಎಲ್ಲ ಅರ್ಥವಾಯಿತು. ಈ ಹತ್ತೊಂಬತ್ತು ಜನ, ಮುತ್ತಿಗೆ ಮುಗಿದ ಮೇಲೆ ತಮ್ಮ ಸಂಬಳ ಎಲ್ಲಿ ಹೋಯಿತೆಂದು ದೊರೆಯನ್ನೇ ಕೇಳುತ್ತೇವೆ ಎಂದು ಅವನ ಮುಂದೆಯೇ ಹೇಳಿದ್ದರು. ಸಂಬಳ ದಳವಾಯಿಯ ಹೊಟ್ಟೆ ಸೇರಿತ್ತು. ದೊರೆಗೆ ತಿಳಿದರೆ ತಲೆ ಹೋಗುತ್ತದೆಂದು ಆತ ಕೋಟೆಯ ಬಾಗಿಲನ್ನೇ ಶತ್ರುವಿಗೆ ಮಾರಿ, ಅದನ್ನು ಹಿಡಿದು ನಿಂತವರ ಮೇಲೆ ಬಾಣ ಬಿಡಿಸಿದ್ದನು. ಆದರೆ ಬಾಗಿಲು ತೆರೆಯಲಿಲ್ಲ. ಸತ್ತವರ ಹೆಣಗಳೇ ಒಂದರ ಮೇಲೊಂದು ಬಿದ್ದು ಅದಕ್ಕೆ ಒತ್ತಾಗಿ ನಿಂತವು.

"ತೊಳೆದಾಯ್ತೇ ಹಾಲಪ್ಪ?"

ಹಿಂದೆ ದಳವಾಯಿ ನಿಂತಿದ್ದನು. ಒಬ್ಬನೇ ಬಂದಿದ್ದನು.

"ಆಗ್ತಾ ಇದೆ, ಬುದ್ಧಿ."

"ಗಾಯ ಎಲ್ಲಿ?"

"ಬೆನ್ನಲ್ಲಿ, ಬುದ್ಧಿ."

"ಹಾಗಾದರೆ ಸಭೆಯಲ್ಲಿ ಅಷ್ಟೇ ಹೇಳು. ಸುಳ್ಳು ಹೇಳೆಂದು ನಾನು ಯಾರಿಗೂ ಹೇಳುವವನಲ್ಲ." ದಳವಾಯಿ ಒಂದು ಹೆಣದ ಎದೆಯ ಮೇಲೆ ಬಟ್ಟೆ ಎಳೆದು ಮುಚ್ಚಿದನು. "ನಿನ್ನ ಮಗಳು ಸಿದ್ದವ್ವ ತುಂಬು ಬಸುರಿಯಂತೆ. ಕೆಳಪೇಟೆಯಲ್ಲಿ ಸೆಕೆ ಹೆಚ್ಚು. ಪಲ್ಲಕ್ಕಿ ಕಳಿಸಿ ನಮ್ಮ ಮನೆಗೆ ಕರೆಸಿಕೊಂಡಿದ್ದೇನೆ. ಸುಖವಾಗಿದ್ದಾಳೆ."

ಹಾಲಪ್ಪ ಕೈ ಮುಗಿದನು. ಆ ಮುಗಿದ ಕೈಗಳನ್ನು ದಳವಾಯಿ ನೋಡಿ, ತೃಪ್ತನಾಗಿ ಹೊರಟುಹೋದನು.

ಹೊತ್ತು ಮಾರು ಏರುವಷ್ಟರಲ್ಲಿ ಓಲಗಶಾಲೆ ತುಂಬಿತು. ದೊರೆ ಹೊನ್ನಪ್ಪ ನಾಯಕರು ಗದ್ದುಗೆಯಲ್ಲಿದ್ದರು. ಸುತ್ತ ನಿಂತಿದ್ದ ಕಾವಲಿನವರೆಲ್ಲ ದಳವಾಯಿಯ ಅಪ್ಪಣೆಯವರು. ಅದು ದೊರೆಗೂ ಗೊತ್ತಿತ್ತು. ಹೆಣಗಳನ್ನು ಬಿಳಿ ಬಟ್ಟೆ ಹೊದಿಸಿ ಅಂಗಳದಲ್ಲಿ ಮಲಗಿಸಿದ್ದರು. ಒಂದೊಂದರ ಬದಿಗೆ ಒಬ್ಬೊಬ್ಬ ಹೆಂಗಸು ಕುಳಿತಿದ್ದಳು.

"ಹಾಲಪ್ಪ, ಗಾಯ ಎಲ್ಲಿದೆ ಸಾರು," ಎಂದರು ದೊರೆ.

ಹಾಲಪ್ಪನಿಗೆ ಕಣ್ಣು ಮಂಜಾಯಿತು. ಆ ಮಂಜಿನಲ್ಲಿ ಕಂಡದ್ದು ದಳವಾಯಿಯ ಮನೆಯ ಕೋಣೆ, ಅದರೊಳಗೆ ಕುಳಿತ ಮಗಳು, ಬಾಗಿಲಲ್ಲಿ ಕತ್ತಿ ಹಿಡಿದ ಆಳು. "ಬೆನ್ನಿನಲ್ಲಿ, ಮಹಾಸ್ವಾಮಿ," ಎಂದನು.

"ಎಲ್ಲರಿಗೂ?"

"ಎಲ್ಲರಿಗೂ."

"ಕೋಟೆ ಕಾಯಬೇಕಾದವರು ಓಡಿದರು, ಮಹಾಸ್ವಾಮಿ," ಎಂದನು ದಳವಾಯಿ, ತಲೆ ಬಾಗಿಸಿ. "ನೋವಿನ ಸಂಗತಿ. ಪದ್ಧತಿ ನಡೆಯಲಿ."

ಹಾಲಪ್ಪ ಕತ್ತಿಯ ಚೀಲ ಬಿಚ್ಚಿ ಮೊದಲನೆಯ ಹೆಣದ ಬಳಿ ಕುಕ್ಕರುಗಾಲಲ್ಲಿ ಕುಳಿತನು. ಅಲ್ಲಿದ್ದವಳು ಬಂಟ ಬೊಮ್ಮನ ಹೆಂಡತಿ ಕರಿಯವ್ವ. ಅವಳು ಅಳುತ್ತಿರಲಿಲ್ಲ.

"ಬಾ ಅಣ್ಣಾ, ಬಾ," ಎಂದಳು. "ನಮ್ಮ ಮದುವೆ ದಿನ ಈ ಮೀಸೆ ತಿದ್ದಿದೋನು ನೀನೇ. ಆವತ್ತು ಒಂದು ಕಾಯಿ ಕೊಟ್ಟಿದ್ವಿ. ಇವತ್ತು ಬೋಳಿಸೋದಕ್ಕೆ ದಳವಾಯಿ ಎಷ್ಟು ಕೊಟ್ಟ?"

"ಸುಮ್ಮನಿರು ತಂಗಿ," ಎಂದು ಹಾಲಪ್ಪ ಪಿಸುಗುಟ್ಟಿದನು. "ನನ್ನ ಮಗಳು ಅವನ ಮನೇಲಿದ್ದಾಳೆ."

ಕರಿಯವ್ವ ಅವನ ಮುಖವನ್ನೇ ನೋಡಿದಳು. ಆಮೇಲೆ ದನಿ ತಗ್ಗಿಸಿ, "ಹಾಗಾದರೆ ಬೋಳಿಸಣ್ಣ. ನನ್ನ ಗಂಡ ಸತ್ತಾಯ್ತು. ನಿನ್ನ ಮಗಳು ಬದುಕಿದ್ದಾಳೆ," ಎಂದು ತಾನೇ ಗಂಡನ ಗದ್ದ ಹಿಡಿದು ಮೇಲೆತ್ತಿದಳು.

ಬೈದಿದ್ದರೆ ಹಾಲಪ್ಪ ಬೋಳಿಸಿಬಿಡುತ್ತಿದ್ದನು. ಉಗುಳಿದ್ದರೂ ಬೋಳಿಸುತ್ತಿದ್ದನು. ಆ ಗದ್ದ ಹಿಡಿದ ಕೈಯನ್ನು ಅವನಿಂದ ತಾಳಲಾಗಲಿಲ್ಲ. ಕತ್ತಿ ಕೆಳಗಿಟ್ಟು, ಬೊಮ್ಮನ ಎದೆಯ ಮೇಲಿನ ಬಟ್ಟೆಯನ್ನು ಸೆಳೆದು ಎಸೆದನು.

"ಮಹಾಸ್ವಾಮಿ!" ಎಂದು ಅವನು ಕೂಗಿದನು. "ಗಾಯ ಬೆನ್ನಲ್ಲೇ ಇದೆ. ಎದೆಯ ಮೇಲೆ ಇರೋದು ಹೆಬ್ಬಾಗಿಲ ಗುಬುಟಿನ ಗುರುತು! ಬಂದು ನೋಡಿ. ಬಾಗಿಲಿಗೆ ಎದೆಗೊಟ್ಟು ನಿಂತೋರಿಗೆ ಬಾಣ ಒಳಗಿನಿಂದ ಬಿದ್ದಿದೆ. ಬತೇರಿ ಮೇಲೆ ಯಾರಿದ್ದರು ಕೇಳಿ, ಮಹಾಸ್ವಾಮಿ, ಯಾರಿದ್ದರು ಕೇಳಿ!"

ದಳವಾಯಿ ನಾಲ್ಕೇ ಹೆಜ್ಜೆಯಲ್ಲಿ ಅಂಗಳಕ್ಕಿಳಿದನು. ಖಡ್ಗ ಒಮ್ಮೆ ಮಿಂಚಿತು. ಹಾಲಪ್ಪನ ಬಲಗೈ ಮೊಣಕೈಯ ಕೆಳಗೆ ತುಂಡಾಗಿ ಬಿತ್ತು.

"ಹಿಡಿಯಿರಿ ದಳವಾಯಿಯನ್ನು!" ಎಂದು ದೊರೆ ಎದ್ದು ನಿಂತು ಕೂಗಿದರು.

ಯಾರೂ ಅಲುಗಲಿಲ್ಲ. ಈಟಿ ಹಿಡಿದ ನೂರು ಜನ ದೊರೆಯನ್ನು ನೋಡಿದರು, ದಳವಾಯಿಯನ್ನು ನೋಡಿದರು. ಹನ್ನೊಂದು ತಿಂಗಳು ಇಬ್ಬರೂ ಅವರನ್ನು ತಿರುಗಿ ನೋಡಿರಲಿಲ್ಲ. ತಮ್ಮ ತಲೆ ತಮ್ಮ ಕತ್ತಿನ ಮೇಲಿರುವುದು ಈ ಹಸಿದವರ ಮನಸ್ಸಿನಿಂದ ಎಂಬುದು ಆ ಗಳಿಗೆಯಲ್ಲಿ ಹೊನ್ನಪ್ಪ ನಾಯಕರಿಗೆ ಮೊದಲ ಸಲ ತಿಳಿಯಿತು.

ಆಗ ದಳವಾಯಿಯ ಬಿಲ್ಲಾಳುಗಳಲ್ಲಿ ಒಬ್ಬ ಮುದುಕ ಮುಂದೆ ಬಂದು ಬಿಲ್ಲನ್ನು ನೆಲದ ಮೇಲಿಟ್ಟನು. "ನಾನಿದ್ದೆ, ಮಹಾಸ್ವಾಮಿ. ದಳವಾಯಿ ಬಾಣ ಬಿಡಿ ಅಂದ. ಬಿಟ್ಟೆವು. ಬಾಕಿ ಪೂರ್ತಿ ಕೊಡ್ತೀನಿ ಅಂದಿದ್ದ." ಅವನು ಮುಖ ಮುಚ್ಚಿಕೊಂಡನು. "ನಮ್ಮೋರಿಗೇ ಬಿಟ್ಟೆವು."

ಅದನ್ನು ಕೇಳಿದ ಮೇಲೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ನೂರು ಈಟಿಗಳು ಒಟ್ಟಿಗೆ ತಿರುಗಿದವು. ದಳವಾಯಿಯ ಖಡ್ಗ ಕೈಯಿಂದ ಜಾರಿತು.

ಹಾಲಪ್ಪ ನೆಲದ ಮೇಲಿದ್ದನು. ದುರ್ಗದಲ್ಲಿ ಗಾಯ ಕಟ್ಟಬಲ್ಲವನು ಅವನೊಬ್ಬನೇ. ಕರಿಯವ್ವ ಸೆರಗು ಹರಿದು ತೋಳಿಗೆ ಸುತ್ತುತ್ತಿದ್ದಳು.

"ಮೇಲೆ, ತಂಗಿ. ಇನ್ನೂ ಮೇಲೆ. ಬಿಗಿ. ಅಯ್ಯೋ, ನಾನು ಕೂಗಿದರೆ ಬಿಡಬೇಡ, ಬಿಗಿ..."

ದೊರೆ ಇಳಿದು ಬಂದು ಆ ತೋಳನ್ನು ಎತ್ತಿ ಹಿಡಿದರು. "ಏನು ಬೇಕು ಕೇಳು ಹಾಲಪ್ಪ."

"ನನ್ನ ಮಗಳು, ಮಹಾಸ್ವಾಮಿ."

"ಕುದುರೆಯವರು ಹೋಗಿದ್ದಾರೆ. ಮತ್ತೇನು?"

"ಇವರಿಗೆ ಹೊಲ ಕೊಡ್ತೀರಿ. ಕೊಡಿ. ಬದುಕಿರೋರಿಗೆ ಸಂಬಳ ಕೊಡಿ." ಅವನ ತುಟಿ ಬಿಳಿಚಿತ್ತು. "ಹೊಟ್ಟೆಗಿಲ್ಲದೋನು ಈ ಸಲ ಬಾಗಿಲು ಹಿಡಿದ. ಇನ್ನೊಂದು ಸಲ ಹಿಡೀತಾನೆ ಅಂತ ನಂಬಬೇಡಿ, ಬುದ್ಧಿ."

ಸಿದ್ದವ್ವನನ್ನು ಪಲ್ಲಕ್ಕಿಯಲ್ಲಿ ತಂದವರು ದಳವಾಯಿಯ ಮನೆಯ ಕಾವಲಾಳುಗಳೇ. ಅವಳಿಗೆ ಏನೂ ಆಗಿರಲಿಲ್ಲ. ಹಾಲಪ್ಪ ಸಂಜೆಯವರೆಗೆ ಬದುಕಿದ್ದು, ಅವಳ ತೊಡೆಯ ಮೇಲೆ ತಲೆಯಿಟ್ಟು ತೀರಿಕೊಂಡನು. ಹತ್ತೊಂಬತ್ತು ಜನರನ್ನು ಮೀಸೆಯೊಡನೆಯೇ ಸುಟ್ಟರು.

ಅಂದೇ ಅರಮನೆಯ ಕಣಜ ತೆರೆಯಿತು. ಪ್ರತಿಯೊಬ್ಬ ಬಂಟನಿಗೂ ಹನ್ನೊಂದು ತಿಂಗಳ ಸಂಬಳದ ದವಸ ಅಳೆದು ಮುಗಿಯುವವರೆಗೆ ಹೊನ್ನಪ್ಪ ನಾಯಕರು ಅನ್ನ ಮುಟ್ಟದೆ ಕಣಜದ ಬಾಗಿಲಲ್ಲೇ ನಿಂತಿದ್ದರು. ಅಲ್ಲಿಂದ ಮುಂದೆ ಅವರು ಆಳಿದಷ್ಟು ಕಾಲ ಸಂಬಳ ಒಂದು ದಿನವೂ ತಡವಾಗಲಿಲ್ಲ. ಧರ್ಮಬುದ್ಧಿಯಿಂದ ಕೊಟ್ಟರೆಂದು ಆಸ್ಥಾನದವರು ಹೊಗಳಿದರು. ಅದು ಸುಳ್ಳು. ಆ ನೂರು ಈಟಿಗಳು ಅಲುಗದೆ ನಿಂತ ಗಳಿಗೆಯನ್ನು ಅವರು ಸಾಯುವವರೆಗೂ ಮರೆಯಲಿಲ್ಲ, ಭಯದಿಂದ ಕೊಟ್ಟರು. ಇರಲಿ. ಬಂಟನ ಮಕ್ಕಳು ಉಣ್ಣುವುದಾದರೆ ದೊರೆಗೆ ಭಯವೇ ಇರಲಿ.