ಇಮಾಮಸಾಬರ ಗೋರಿಕಲ್ಲು

ದಿನಾಂಕ 17-04-2025, ಗುರುವಾರ ಬೆಳಿಗ್ಗೆ 10-40. ಸಾಯಿರಾ ಎಂಬ ನಲವತ್ತರ ಹೆಂಗಸು ಠಾಣೆಗೆ ಬಂದು, ಪಾಲಬಾವಿಯ ಕಬರಸ್ತಾನದಲ್ಲಿ ತನ್ನ ಅಜ್ಜ ಇಮಾಮಸಾಬರ ಗೋರಿಕಲ್ಲು ಕಳುವಾಗಿದೆ ಎಂದಳು. ಪಿಎಸ್‌ಐ ಸತ್ಯಪ್ಪನಿಗೆ ಮೊದಲು ಬಂದದ್ದು ಸಿಟ್ಟು. ಬದುವಿನ ಜಗಳ, ಪಂಪಸೆಟ್ ಕಳುವು ಸಾಲದೆಂದು ಇನ್ನು ಸತ್ತವರ ಕಲ್ಲನ್ನೂ ಹುಡುಕಬೇಕೇ? ಆದರೂ ಕುರ್ಚಿ ತೋರಿಸಿದ.

"ಯಾವಾಗಿಂದ ಇಲ್ಲ?"

"ಹೋದ ತಿಂಗಳ ಇತ್ರಿ. ಫೋಟೋ ಹೊಡಕೊಂಡು ಹೋಗಿದ್ನಿ."

"ಕಲ್ಲ ಹೋದ್ರ ಹೋತು. ಜಾಗಾ ಐತೆಲ್ಲವ್ವಾ?"

"ಆ ಜಾಗಾನ ಗೊತ್ತಾಗವಲ್ದ್ರಿ ಸಾಹೇಬ್ರ." ಅವಳ ಕಣ್ಣು ತುಂಬಿದವು. "ಅಪ್ಪಾ ಮಿರಜ್ ದವಾಖಾನ್ಯಾಗ ಅದಾರ. ಡಾಕ್ಟರ್ ಕೈ ಚೆಲ್ಯಾರ. ಅಬ್ಬಾನ ಬಾಜೂಕ ನನ್ನ ಮಲಗಸ್ರಿ ಅಂತ ಒಂದ ಮಾತ ಹಿಡದಾರ್ರಿ."

ಅವಳ ಅಪ್ಪ ಊರು ಬಿಟ್ಟಾಗ ಹತ್ತು ವರ್ಷದವನು. ಅಲ್ಲಿಂದೀಚೆಗೆ, ಹೋದ ತಿಂಗಳು ಸಾಯಿರಾ ಬರುವವರೆಗೆ, ಎಪ್ಪತ್ತು ವರ್ಷ ಈ ಮನೆತನದವರು ಯಾರೂ ಇತ್ತ ಸುಳಿದಿರಲಿಲ್ಲ. ಅಪ್ಪನಿಗೆ ಅಕ್ಷರ ಕಾಣಲೆಂದು ಸಾಯಿರಾ ತೀರ ಹತ್ತಿರದಿಂದ ಫೋಟೋ ತೆಗೆದಿದ್ದಳು. ಅದರಲ್ಲಿ ಕಲ್ಲು ಬಿಟ್ಟರೆ ಒಂದು ಗಿಡವೂ ಇರಲಿಲ್ಲ.

ಸಮಾಧಿ ಸ್ಥಳದ ಅತಿಕ್ರಮಣವೆಂದು ಬಿಎನ್‌ಎಸ್ ಕಲಂ 301ರಡಿ ಎಫ್‌ಐಆರ್ ಆಯಿತು. ಮಧ್ಯಾಹ್ನ 1-15ಕ್ಕೆ ಕಬರಸ್ತಾನದಲ್ಲಿ ಪಂಚನಾಮೆ. ಮೂರು ಕಡೆ ಕಬ್ಬು, ನಡುವೆ ಜಾಲಿ, ನೆಲಕ್ಕೆ ಸಮವಾದ ಮಣ್ಣಿನ ದಿಬ್ಬಗಳು. ಕಲ್ಲು ನೆಟ್ಟ ಗೋರಿಗಳು ಬೆರಳೆಣಿಕೆಯಷ್ಟು. ನಲವತ್ತು ವರ್ಷದಿಂದ ಇಲ್ಲಿ ಗೋರಿ ತೋಡುವ ಫಕ್ರುದ್ದೀನ ಬೇವಿನ ನೆರಳಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ.

"ಚಾಚಾ, ಇಮಾಮಸಾಬನ ಕಬರ ಎಲ್ಲೈತಿ?"

"ನೆನಪಿಲ್ರಿ. ಇಲ್ಲಿ ಏನ್ ಒಬ್ರಾ ಇಬ್ರಾ?"

ಎರಡು ದಿನ ಸತ್ಯಪ್ಪ ರಾಯಬಾಗ, ಅಥಣಿಯ ಕಲ್ಲುಕುಟಿಗರನ್ನು ಕೇಳಿದ. ಹೊಸ ಮನೆಗಳ ಬುನಾದಿ ಇಣುಕಿದ, ಬಟ್ಟೆ ಒಗೆಯುವ ಕಲ್ಲುಗಳನ್ನೂ ಮಗುಚಿ ನೋಡಿದ. ಏಪ್ರಿಲ್ ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ಮೊಣಕಾಲು ಬೇರೆ ಹಿಡಿದುಕೊಂಡಿತ್ತು. ದಿನಕ್ಕೆರಡು ಸಲ ಸಾಯಿರಾ ಫೋನು ಮಾಡುತ್ತಿದ್ದಳು. "ಅಪ್ಪಾ ಇನ್ನೂ ಅದಾರ್ರಿ" ಎನ್ನುತ್ತಿದ್ದಳು, ಅಷ್ಟೇ. ಫೋನು ಗುಣುಗಿದರೆ ಸಾಕು, ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಎತ್ತಿಕೊಳ್ಳುತ್ತಿದ್ದ.

20ರಂದು ಜೀಪಿನಲ್ಲಿ, ಪಂಚನಾಮೆಯಲ್ಲಿ ಟೇಪು ಹಿಡಿದಿದ್ದ ಸದಲಗಾದ ಕಾನ್‌ಸ್ಟೇಬಲ್ ಮಮತಾಜ ಬಾಯಿ ತೆರೆದಳು.

"ಸರ್ರ, ಫೋಟೋದಾಗ ಮ್ಯಾಲಿನ ಸಾಲ ಕಲ್ಮಾ ಐತ್ರಿ, ಅಲ್ಲಾನ ಹೆಸರಿನ ಮಾತ. ನಮ್ಮ ಮಂದಿ ಅದನ್ನ ಒಡ್ಯೂದಿಲ್ಲ, ಕಾಲಾಗ ಹಾಕೂದಿಲ್ಲ. ನೀರಿಗಿ ಬಿಡ್ತಾರ, ಇಲ್ಲಾ ಎತ್ತರದಾಗ ಇಡ್ತಾರ."

"ಮೂರ ದಿನಾ ಬಾಯಾಗ ಏನ್ ಇಟ್ಕೊಂಡಿದ್ದಿ ಮಾರಾಯ್ತಿ?"

"ನೀವ ಕೇಳಿದ್ರೇನ್ರಿ?"

ಕೇಳಿರಲಿಲ್ಲ, ನಿಜ. ಹಳ್ಳ ಬತ್ತಿ ತಿಂಗಳಾಗಿತ್ತು, ನೀರಿನ ಮಾತಿಲ್ಲ. ಎತ್ತರವೆಂದರೆ ಮಸೀದಿಯ ಹಿಂದೆ ಹೆಣ ಹೊರುವ ಸಂದೂಕ ಇಡುವ ಕೋಣೆಯ ಅಟ್ಟ. ಅದರ ಕೀಲಿ ಫಕ್ರುದ್ದೀನನ ಉಡಿದಾರದಲ್ಲಿತ್ತು.

ಸಂಜೆ 4-20. ಜಮಾತಿನ ಹಿರಿಯರ ಎದುರು, ಇಬ್ಬರು ಪಂಚರೊಂದಿಗೆ, ಫಕ್ರುದ್ದೀನನಿಂದಲೇ ಬೀಗ ತೆಗೆಸಿ, ಬೂಟು ಕಳಚಿಟ್ಟು ಒಳಹೋದರು. ಅಟ್ಟದ ಮೇಲೆ ಹಸಿರು ಚಾದರದಲ್ಲಿ ಸುತ್ತಿಟ್ಟ ಮೊಳದುದ್ದದ ಕಲ್ಲು ಸಿಕ್ಕಿತು.

"ಯಾಕ ಚಾಚಾ?"

ಮುದುಕ ಚಾದರದ ಮಡಿಕೆ ಸರಿಮಾಡಿದ. "ಕೊರೋನಾದಾಗ ನನ್ನ ಮಗಳು ಯಾಸ್ಮಿನ ಹೋದ್ಳರಿ. ಆ ವಾರ ಹನ್ನೊಂದ ಕಬರ ತೋಡಿದ್ನಿ. ಕೈಯಾಗ ಕಸುವು ಇರ್ಲಿಲ್ಲ. ಇಮಾಮಸಾಬರ ಕಬರಿಗಿ ಯಾರೂ ಬರ್ತಿರ್ಲಿಲ್ಲ. ಹಳೇ ಮಣ್ಣ ಮೆತ್ತಗಿತ್ತು, ಅಲ್ಲೇ ತೋಡಿ ಮಗಳನ್ನ ಇಟ್ನಿರಿ. ಹಳೇ ಕಬರ ಮತ್ತ ತೋಡೂದು ನಮ್ಮಲ್ಲಿ ಐತಿ, ತಪ್ಪಲ್ರಿ."

"ತಪ್ಪಲ್ಲಂದ್ರ ಕಲ್ಲ ಯಾಕ ಕಿತ್ತಿ?"

"ಈ ಸಾಯಿರಾ ಬಂದು, ಅಪ್ಪನ್ನ ಬಾಜೂಕ ಇಟ್ಟು ಸುತ್ತ ಕಟ್ಟಿ ಕಟ್ಟಿಸ್ತೀವಿ ಅಂದ್ಳು. ಬುನಾದಿ ತೋಡಿದ್ರ ನನ್ನ ಮಗಳು..."

5-05ಕ್ಕೆ ಬಂಧನ, ಠಾಣೆಯಲ್ಲೇ ಜಾಮೀನು. ಉದ್ದೇಶವೆಂಬಲ್ಲಿ ಸತ್ಯಪ್ಪ 'ಮಗಳ ಗೋರಿ ಕೆದರಿಯಾರೆಂಬ ಭಯ' ಎಂದು ಬರೆದು, ಸಾಯಿರಾಳಿಗೆ ತಾನೇ ಫೋನು ಮಾಡಿ ಎಲ್ಲವನ್ನೂ ಹೇಳಿದ. ಬೈಗುಳಕ್ಕೆ ಕಾದಿದ್ದ.

"ಯಾಸ್ಮಿನಗ ಎಷ್ಟ ವರ್ಷ್ರಿ?"

"ಇಪ್ಪತ್ತಾರಂತವ್ವಾ."

"ಪಾಪ. ಕಟ್ಟಿ ಬ್ಯಾಡ್ರಿ. ಅಪ್ಪಗ ಬಾಜೂಕ ಜಾಗಾ ಐತೇನ ಅಷ್ಟ ಕೇಳ್ರಿ."

ಕೇಳಿದ್ದಕ್ಕೆ ಫಕ್ರುದ್ದೀನ ತಲೆ ಎತ್ತಲಿಲ್ಲ. "ಬಲಕ ಐತ್ರಿ. ನಾಕ ವರ್ಷದಿಂದ ಯಾರಿಗೂ ಕೊಟ್ಟಿಲ್ಲ. ನನಗಂತ ಇಟ್ಕೊಂಡಿದ್ನಿ."

23ರಂದು ಮಧ್ಯಾಹ್ನ ಮಿರಜಿನಿಂದ ಸಾಯಿರಾಳ ಅಪ್ಪನ ಹೆಣ ಬಂತು. ಗೋರಿ ತೋಡಲು ಊರಲ್ಲಿ ಬೇರೆ ಯಾರಿದ್ದರು? ಆರೋಪಿಯೇ ಗುದ್ದಲಿ ಹಿಡಿದ. ಸತ್ಯಪ್ಪ ಮೊಣಕಾಲು ತಿಕ್ಕಿಕೊಳ್ಳುತ್ತ ಗೇಟಿನ ಬಳಿ ನಿಂತಿದ್ದ. ಒಂದೊಂದು ಏಟು ಹಾಕಿದಾಗಲೂ ಮುದುಕ ಗುದ್ದಲಿ ಬದಿಗಿಟ್ಟು, ಮಗಳ ಕಡೆಯ ಮಣ್ಣು ಕುಸಿಯದಂತೆ ಅಂಗೈಯಿಂದ ಒತ್ತುತ್ತಿದ್ದ.