ಮಾಸ್ತರರ ಹಾರುವ ದೋಣಿ

ಅಂದಾನೆಪ್ಪ ಮಾಸ್ತರರು ಹಾವೇರಿಯ ದವಾಖಾನೆಯಲ್ಲಿ ತೀರಿಕೊಂಡ ಸುದ್ದಿ ರಾಣೆಬೆನ್ನೂರಿಗೆ ಮುಟ್ಟಿದ ದಿನ, ಗುಡ್ಡಪ್ಪ ತನ್ನ ಗಡಿಯಾರ ದುರಸ್ತಿ ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೇ ಕುಳಿತ. ಹೆಂಡತಿ ಮಕ್ಕಳಿಲ್ಲದ ಅವನಿಗೆ ಇದ್ದವರು ಅವರೊಬ್ಬರೇ. ಭಾನುವಾರಗಳೆಲ್ಲ ಬ್ಯಾಡಗಿಯ ಅವರ ಮನೆಯಲ್ಲಿ, ಮುಂಬಯಿಯಿಂದ ತರಿಸಿದ ಪ್ಲಾಸ್ಟಿಕ್ ತುಣುಕುಗಳನ್ನು ಅಂಟಿಸುತ್ತ ಕಳೆದಿದ್ದವು. ಇಬ್ಬರೂ ಕೂಡಿ ಕಟ್ಟಿದ್ದು ಮಹಾಯುದ್ಧದ ಕಾಲದ ಜರ್ಮನ್ ಹಾರುವ ದೋಣಿಯ, ಅಂದರೆ ನೀರಿನ ಮೇಲಿಳಿಯುವ ವಿಮಾನದ, ಪುಟ್ಟ ಮಾದರಿ: ಮೂರು ಎಂಜಿನ್ನಿನ ಡಾರ್ನಿಯರ್. ಅದರ ರೆಕ್ಕೆಯಡಿ, ಬಣ್ಣ ಹಸಿಯಿದ್ದಾಗ ಬಿದ್ದ ಮಾಸ್ತರರ ಹೆಬ್ಬೆಟ್ಟಿನ ಗುರುತಿತ್ತು.

ಕ್ರಿಯಾಕರ್ಮಗಳು ಮುಗಿದ ಮೇಲೆ ಅವನು ಆ ದೋಣಿಯನ್ನು ಕೇಳಿದ.

“ಅದೊಂದು ಬ್ಯಾಡ್ರಿ ಅಣ್ಣಾರ,” ಎಂದಳು ಮಾಸ್ತರರ ಹೆಂಡತಿ ಗದಿಗೆವ್ವ. “ಬೇಕಂದ್ರ ಅವರ ಕೋಟು ಒಯ್ಯಿರಿ. ನಿಮಗ ಜೋಲಾಡತೈತಿ, ಇರ್ಲಿ, ಥಂಡ್ಯಾಗ ಹೊಚಗೊಳ್ಳಾಕರೆ ಆಕ್ಕೈತಿ.”

ಕೋಟಿನಲ್ಲಿದ್ದ ನಶ್ಯದ ವಾಸನೆ ಬೇಗನೆ ಹಾರಿಹೋಯಿತು. ಹೆಬ್ಬೆಟ್ಟು ಹಾರಿಹೋಗುವಂಥದ್ದಲ್ಲ.

ಅವನು ಅಂಥದೇ ಇನ್ನೊಂದು ಮಾದರಿ ತರಿಸಿದ. ಭಾನುವಾರಗಳಲ್ಲಿ ಒಬ್ಬನೇ ಕೂತು ಕಟ್ಟಿದ. ಅದೇ ಬಣ್ಣ, ಮೂಗಿನ ಮೇಲೆ ಅದೇ ಗೀರು. ಬ್ಯಾಡಗಿಯ ಮನೆಗಳಲ್ಲಿ ಎಲ್ಲದರ ಮೇಲೂ ಕೂರುವ ಮೆಣಸಿನಕಾಯಿಯ ಕೆಂಪು ಧೂಳನ್ನೂ ಕುಂಚದಿಂದ ಸವರಿದ. ಹಳೆಯದರ ಜಾಗದಲ್ಲಿ ಇದನ್ನಿಟ್ಟರೆ ಗದಿಗೆವ್ವನ ಗಾಜಿನ ಕಪಾಟು ಬರಿದಾಗುವುದಿಲ್ಲ. ಹಾಗಿದ್ದಮೇಲೆ ಇದು ಕಳವು ಹೇಗಾದೀತು?

ಒಮ್ಮೆ ಹೋದಾಗ ಅವರ ಗೋಡೆ ಗಡಿಯಾರದ ತಿರುಪು ಸಡಿಲಿಸಿ ಬಂದ. ಅದು ನಿಂತಿತು, ಅವಳು ಹೇಳಿಕಳಿಸಿದಳು. ದುರಸ್ತಿಯಾದ ಗಡಿಯಾರ ತಂದ ಪೆಟ್ಟಿಗೆಯಲ್ಲೇ ಹೊಸ ದೋಣಿ ಬಂತು. ಅವಳು ಚಹಾ ಕಾಸಲು ಹೋದಾಗ ಹೊಸದು ಕಪಾಟಿಗೇರಿ ಹಳೆಯದು ಪೆಟ್ಟಿಗೆಯೊಳಗೆ ಸೇರಿತು. ಅಂದಿನಿಂದ ಅವನು ಸಂಜೆಗೊಮ್ಮೆ ಆ ಗುರುತಿನ ಮೇಲೆ ತನ್ನ ಹೆಬ್ಬೆಟ್ಟಿಟ್ಟು ಸುಮ್ಮನೆ ಕೂರುತ್ತಿದ್ದ.

ವರ್ಷದ ಎಡೆಗೆ ಅವನು ನಿಶ್ಚಿಂತೆಯಿಂದಲೇ ಬಂದ. ಮಾಸ್ತರರ ಪಟದ ಮುಂದೆ ಹೋಳಿಗೆ ಬಡಿಸಿ, ಗದಿಗೆವ್ವ ಹಿತ್ತಾಳೆಯ ಪರಾತದ ತುಂಬ ನೀರು ತಂದಿಟ್ಟಳು. ಕಪಾಟು ತೆಗೆದು ದೋಣಿಯನ್ನು ಎತ್ತಿಕೊಂಡು ಪರಾತದತ್ತ ಬಂದಳು.

“ವೈನಿ, ನೀರಾಗ ಯಾಕ?”

“ನಾ ಸಮುದ್ರ ನೋಡಿಲ್ಲಂದಿದ್ದೆ. ನೀವು ಬಸ್ಸಿಗೆ ಹೋದ ಮ್ಯಾಲ ಅವರು ಪ್ರತಿ ಭಾನುವಾರ ಹಿಂಗ ತೇಲಿಸಿ ತೋರಸ್ತಿದ್ರು. ಗುಡ್ಡಪ್ಪಗ ಹೇಳಬ್ಯಾಡ, ಬೈತಾನ ಅಂತಿದ್ರು.”

ಗಾಜಿನ ಹಿಂದೆ ಕೂರುವ ವಸ್ತುವಿಗೆ ಯಾಕೆಂದು ಗುಡ್ಡಪ್ಪ ಹೊಸದರ ತಳದ ಸಂದು ಮುಚ್ಚಿರಲಿಲ್ಲ. ಅದು ದೋಣಿಯೂ ಹೌದೆಂಬುದು ಅವನಿಗೆ ಹೊಳೆದೇ ಇರಲಿಲ್ಲ. ಅವಳು ನೀರಿಗೆ ಬಿಟ್ಟೊಡನೆ ಮೂಗು ಬಾಗಿತು, ರೆಕ್ಕೆ ಮುಳುಗಿತು, ಕೆಂಪು ಧೂಳು ನೀರಿನ ಮೇಲೆ ಹರಡಿತು. ಗದಿಗೆವ್ವ ಪರಾತದ ತಳವನ್ನು ನೋಡಿದಳು. ಅಂಥದನ್ನು ಕಟ್ಟಬಲ್ಲವನು ಈಗ ಒಬ್ಬನೇ ಉಳಿದಿದ್ದ. ಅವನ ಮುಖವನ್ನೂ ನೋಡಿದಳು. ಆಮೇಲೆ ಪಟದ ಕಡೆ ತಿರುಗಿ ಕೈಮುಗಿದಳು. “ಶಿವನೇ, ಅವರ ಆತ್ಮಕ್ಕ ಶಾಂತಿ ಕೊಡಪಾ. ಇದೊಂದನ್ನ ಅವರ ಕಣ್ಣಿಗಿ ಬೀಳಿಸಬ್ಯಾಡ.”